ವಾರಕ್ಕೊಮ್ಮೆ ಮಾತ್ರ ಮೇಲಕ್ಕೆ

ನಮ್ಮ ಭಾವನಷ್ಟು ಮರ್ಯಾದಸ್ಥ ಮನುಷ್ಯ ಇಂಟರ್‌ನೆಟ್ಟಿನಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ. ಇಂಟರ್‌ನೆಟ್ಟಿನಲ್ಲಿ ಎಂದೆ, ಗಮನಿಸಿ. ಮನೆಯಲ್ಲಿ ಅವರ ಕಥೆ ಬೇರೆ. ಆ ಕಥೆಯನ್ನು ಹತ್ತಿರದಿಂದ ನೋಡಿ ನೋಡಿ ಸುಸ್ತಾದವಳು ನಾನು, ಅವರ ಹೆಂಡತಿಯ ತಂಗಿ. ಎರಡು ಬೀದಿ ಆಚೆ ನನ್ನ ಮನೆ. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತೇನೆ. ಎದುರಿಗೆ ಲಾರಿ ಬರುತ್ತಿದ್ದರೂ ಸ್ಟೀರಿಂಗ್ ಹಿಡಿದು ಯೋಚನೆ ಮಾಡುತ್ತ ಕೂತವರ ಪರವಾಗಿ ಪಕ್ಕದ ಸೀಟಿನಿಂದ ಬ್ರೇಕ್ ಒತ್ತುವುದು ನನ್ನ ಹೊಟ್ಟೆಪಾಡು. ಹಾಗಾಗಿ ತಾಳ್ಮೆ ಸ್ವಲ್ಪ ಕಮ್ಮಿ. ಭಾವ ನನಗೆ 'ಹಾರ್ನ್' ಎಂದು ಹೆಸರಿಟ್ಟಿದ್ದಾರೆ. ನಾನೂ ಅವರಿಗೊಂದು ಹೆಸರಿಟ್ಟಿದ್ದೇನೆ, ಆದರೆ ಅದನ್ನು ಅಚ್ಚು ಹಾಕುವಂತಿಲ್ಲ.

ಭಾವ ಲಿಫ್ಟ್ ಮೆಕ್ಯಾನಿಕ್. ಬ್ಯಾಂಕು, ಆಸ್ಪತ್ರೆ, ಎತ್ತರದ ಅಪಾರ್ಟ್‌ಮೆಂಟು, ಎಲ್ಲಿ ಲಿಫ್ಟು ಕೆಟ್ಟು ನಿಂತರೂ ಅವರಿಗೆ ಫೋನು ಬರುತ್ತದೆ. ಯಾರೋ ಗುರುತು ಪರಿಚಯವಿಲ್ಲದ ಮುದುಕಿ ನಾಲ್ಕು ಮಹಡಿ ಹತ್ತಬೇಕಾದೀತು ಎಂದು ಉಣ್ಣುತ್ತಿದ್ದ ತಟ್ಟೆ ಬಿಟ್ಟು ಓಡುತ್ತಾರೆ. ಆ ವಿಷಯದಲ್ಲಿ ಅವರನ್ನು ದೂರಲು ಸಾಧ್ಯವೇ ಇಲ್ಲ. ಮನೆಯೊಳಗೆ ಮಾತ್ರ ಅವರ ಬಾಯಿಂದ ಬರುವುದು ಒಂದೇ ಪದ, "ನೋಡೋಣ." ನಲ್ಲಿ ಸೋರುತ್ತಿದೆ ಎಂದರೆ ನೋಡೋಣ. ಕಿಟಕಿಯ ಚಿಲಕ ಕೂರುತ್ತಿಲ್ಲ ಎಂದರೆ ನೋಡೋಣ. ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಾಳೆ. ಮೊಮ್ಮಗು ಹುಟ್ಟಿತು ಎಂದು ಅವಳು ಫೋನು ಮಾಡಿದಾಗಲೂ ಈ ಮಹಾರಾಯರು ನೋಡೋಣ ಎಂದರಂತೆ. ಆವತ್ತು ಒಂದು ದಿನ ಆ ಪದಕ್ಕೆ ಸ್ವಲ್ಪ ಅರ್ಥವಿತ್ತು.

ಅವರ ಹುಚ್ಚು ಯಾವುದೆಂದರೆ ಹಳೆ ಟೇಬಲ್ ಫ್ಯಾನು. ಎರಕದ ಕಬ್ಬಿಣದ ಬುಡ, ಹಿತ್ತಾಳೆಯ ರೆಕ್ಕೆ, ಎತ್ತಿದರೆ ಸೊಂಟ ಹಿಡಿದುಕೊಳ್ಳುವಂಥವು. ಅಂಥವು ಮೂವತ್ತರ ಮೇಲಿವೆ. ನೆಲಮಹಡಿಯಲ್ಲಿ ಹಾಲು, ಅಡುಗೆಮನೆ ಬಿಟ್ಟರೆ ಇರುವುದು ಒಂದೇ ರೂಮು, ಪಕ್ಕದಲ್ಲೇ ಬಚ್ಚಲು. ಆ ರೂಮಿನ ಗೋಡೆಗೋಡೆಗೂ ಕಬ್ಬಿಣದ ಶೆಲ್ಫು ಹೊಡೆಸಿ ಫ್ಯಾನುಗಳನ್ನು ಸಾಲಾಗಿ ಕೂರಿಸಿದ್ದಾರೆ. ಎಲ್ಲವೂ ತಿರುಗುತ್ತವೆ, ಆದರೆ ಯಾರೂ ತಿರುಗಿಸುವಂತಿಲ್ಲ. ಬೇಸಿಗೆಯಲ್ಲಿ ಅಕ್ಕ ಅಡುಗೆಮನೆಯಲ್ಲಿ ರಟ್ಟಿನ ತುಂಡು ಹಿಡಿದು ಗಾಳಿ ಬೀಸಿಕೊಳ್ಳುತ್ತಿರುತ್ತಾಳೆ. ಗೋಡೆಯಾಚೆ ಮೂವತ್ತು ಫ್ಯಾನುಗಳು ಬಟ್ಟೆ ಹೊದ್ದು ಹಾಯಾಗಿರುತ್ತವೆ. ಒಂದು ಸಲ ಸೆಕೆ ತಾಳಲಾರದೆ ನಾನೇ ಹೋಗಿ ಒಂದರ ಸ್ವಿಚ್ಚು ಹಾಕಿದೆ. ಭಾವ ಓಡಿ ಬಂದರು.

"ಅಯ್ಯಯ್ಯೋ, ಆರಿಸು, ಆರಿಸು! ಅದು ಓಡಿಸೋಕೆ ಇಟ್ಟಿದ್ದಲ್ಲ ಕಣಮ್ಮ!"

"ಮತ್ತೆ ಯಾಕೆ ಇಟ್ಟಿದ್ದು ಭಾವ, ಅದರ ಹತ್ರ ಕಷ್ಟಸುಖ ಮಾತಾಡೋಕಾ?"

ಅವರು ರೆಕ್ಕೆಯನ್ನು ಬಟ್ಟೆಯಿಂದ ಒರೆಸಿದರು. ಬಹುಶಃ ನನ್ನ ಊಹೆ ಸರಿಯೇ ಇತ್ತು.

ಈ ಹುಚ್ಚು ಇರುವವರೆಲ್ಲ ಸೇರುವ ಒಂದು ಆನ್‌ಲೈನ್ ವೇದಿಕೆ ಇದೆ, 'ಹಳೆಗಾಳಿ' ಎಂದು ಅದರ ಹೆಸರು. ಎಲ್ಲೆಲ್ಲಿಂದಲೋ ನೂರಾರು ಜನ ಅಲ್ಲಿ ಬಂದು ಕಾಯಿಲು, ರೆಕ್ಕೆ, ಬುಡದ ಬಣ್ಣ ಎಂದು ಗಂಟೆಗಟ್ಟಲೆ ಕೊರೆಯುತ್ತಾರೆ. ಅದರಲ್ಲಿ ಮಾರುವವರ, ಕೊಳ್ಳುವವರ ಜಾಹೀರಾತಿಗೆಂದೇ ಒಂದು ವಿಭಾಗವಿದೆ. ಆ ವಿಭಾಗಕ್ಕೆ ಯಜಮಾನರು ನಮ್ಮ ಭಾವ. ಸಂಬಳವಿಲ್ಲ, ಸಾರಿಗೆಯಿಲ್ಲ, ಮರ್ಯಾದೆ ಮಾತ್ರ ಧಾರಾಳ. ಅಲ್ಲಿ ಅವರ ಹೆಸರು 'ಮಂದಗತಿ'. ಅದನ್ನು ಅವರೇ ಆರಿಸಿಕೊಂಡದ್ದು, ನನ್ನ ಕೈವಾಡ ಏನೂ ಇಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅಲ್ಲಿ ಒಂದು ಜಾಹೀರಾತು ಹಾಕಿದರೆ ಅದು ಎಲ್ಲಕ್ಕಿಂತ ಮೇಲೆ ಕೂರುತ್ತದೆ. ಇನ್ನೊಬ್ಬರು ಹಾಕಿದರೆ ಒಂದು ಸಾಲು ಕೆಳಗಿಳಿಯುತ್ತದೆ. ನಾಲ್ಕು ದಿನ ಕಳೆದರೆ ಯಾರ ಕಣ್ಣಿಗೂ ಬೀಳದ ಆಳ ಸೇರುತ್ತದೆ. ಹಾಕಿದವರೋ ಬೇರೆಯವರೋ ಅದರಡಿ ಮತ್ತೆ ಏನಾದರೂ ಬರೆದರೆ ಪುನಃ ಮೇಲೆ ಬರುತ್ತದೆ. ಬಹಳ ಜನ 'ಮೇಲಕ್ಕೆ' ಎಂಬ ಒಂದು ಪದ ಗೀಚಿ ಕೈತೊಳೆದುಕೊಳ್ಳುತ್ತಾರೆ. 'ಬಿಸಿಗಾಳಿ' ಎಂಬ ಒಬ್ಬ ಪುಣ್ಯಾತ್ಮ ಇದ್ದಾನೆ, ಎದ್ದ ಕೂಡಲೇ ಒಂದು ಮೇಲಕ್ಕೆ, ಊಟಕ್ಕೆ ಮುಂಚೆ ಒಂದು, ಊಟವಾದ ಮೇಲೆ ಒಂದು, ಮಾತ್ರೆ ತೆಗೆದುಕೊಂಡ ಹಾಗೆ. ಭಾವನಿಗೆ ಅವನನ್ನು ಕಂಡರೆ ಮೈಯೆಲ್ಲ ಉರಿ. ಎರಡು ಸಲ ಅವನ ಜಾಹೀರಾತಿಗೆ ಬೀಗ ಹಾಕಿದ್ದಾರೆ. ಬೀಗ ಬಿದ್ದ ಜಾಹೀರಾತಿನಡಿ ಯಾರೂ ಏನೂ ಬರೆಯುವಂತಿಲ್ಲ, ಅದು ಬಿದ್ದಲ್ಲೇ ಬಿದ್ದಿರಬೇಕು.

ಇಂಥವರನ್ನು ದಾರಿಗೆ ತರಲು ಭಾವ ಒಂದು ಶಿಷ್ಟಾಚಾರ ಬರೆದಿಟ್ಟಿದ್ದಾರೆ. ವಾರಕ್ಕೊಮ್ಮೆ ಮಾತ್ರ ಮೇಲಕ್ಕೆ. ಅದೂ ಬರಿಗೈಯಲ್ಲಿ ಅಲ್ಲ, ಒಂದು ಹೊಸ ಫೋಟೊವೋ ಹೊಸ ವಿವರವೋ ಜೊತೆಗಿರಬೇಕು. ಹಳೆಯದನ್ನು ಅಳಿಸಿ ಅದನ್ನೇ ಹೊಸದೆಂಬಂತೆ ಮತ್ತೆ ಹಾಕುವುದು ಮೋಸ. ಹೊಸಬರ ಜಾಹೀರಾತು ಆಗಷ್ಟೇ ಬಂದಿದ್ದರೆ ನಮ್ಮದನ್ನು ಒಂದು ದಿನ ತಡೆಹಿಡಿದು ಅವರಿಗೆ ಜಾಗ ಬಿಡುವುದು ಸಭ್ಯತೆ. ಯಾರು ಏನು ಕೇಳಿದರೂ ಎರಡು ದಿನದೊಳಗೆ ಉತ್ತರ ಕೊಡಬೇಕು, 'ನೀವು' ಎಂದೇ ಕರೆಯಬೇಕು. ಇದನ್ನೆಲ್ಲ ಓದಿದಾಗ ನನಗೆ ನಿಜಕ್ಕೂ ಕಣ್ಣು ತುಂಬಿ ಬಂತು, ಇಂಥ ಮನುಷ್ಯ ನಮ್ಮ ಅಕ್ಕನಿಗೆ ಯಾವಾಗ ಸಿಗುತ್ತಾನೋ ಎಂದು.

ಅಕ್ಕ ಮೂವತ್ತು ವರ್ಷ ದೊಡ್ಡ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವಳು. ಗಾಬರಿಯಲ್ಲಿ ಕಿರುಚುವವರ, ಅಳುವವರ ಫೋನನ್ನು ಸರಿಯಾದ ವಾರ್ಡಿಗೆ ಕೊಟ್ಟು ಕೊಟ್ಟು ಅವಳ ದನಿಯೇ ಮೆತ್ತಗಾಗಿಬಿಟ್ಟಿದೆ. ಅವಳು ಸಿಟ್ಟಾದದ್ದನ್ನು ನಾನು ನೋಡಿಲ್ಲ. ಅವಳ ಪಾಲಿನ ಸಿಟ್ಟನ್ನೂ ನಾನೇ ಹೊತ್ತುಕೊಂಡು ಹುಟ್ಟಿರಬೇಕು. ಕೂತು ಮಾಡುವ ಕೆಲಸ, ಜೊತೆಗೆ ವಯಸ್ಸು. ಬಲಗಾಲಿನ ಮಂಡಿ ಸವೆದು ಹೋಯಿತು. ಅಕ್ಕ, ಭಾವ ಮಲಗುವುದು ಮೇಲ್ಮಹಡಿಯಲ್ಲಿ. ಡಾಕ್ಟರು ಎಕ್ಸ್‌ರೇ ಹಿಡಿದು ನೋಡಿ, ಮಂಡಿ ಬದಲಿಸಲೇಬೇಕು ಎಂದು ತಿಂಗಳೆರಡು ತಿಂಗಳಲ್ಲಿ ಒಂದು ದಿನ ಗೊತ್ತು ಮಾಡಿದರು. ಆಮೇಲೆ ಭಾವನ ಕಡೆ ತಿರುಗಿ ಹೇಳಿದರು: ಆಪರೇಷನ್ ಆದ ಮೇಲೆ ಇವರು ಮೂರು ತಿಂಗಳು ಮೆಟ್ಟಿಲ ಸುದ್ದಿಗೆ ಹೋಗಕೂಡದು, ಕೆಳಗೆ ಒಂದು ರೂಮು, ಬಚ್ಚಲು ಹತ್ತಿರ ಇರಬೇಕು, ಇಲ್ಲದಿದ್ದರೆ ನಾನು ಆಪರೇಷನ್ನೇ ಮಾಡುವುದಿಲ್ಲ.

ಭಾವ ಗಂಭೀರವಾಗಿ ತಲೆ ಆಡಿಸಿದರು. ಹೊರಗೆ ಬಂದ ಮೇಲೆ ಅಕ್ಕ, "ರೀ, ಕೆಳಗಿನ ರೂಮು ಖಾಲಿ ಮಾಡ್ಬೇಕಲ್ಲ," ಎಂದಳು.

"ನೋಡೋಣ," ಎಂದರು ಭಾವ.

ನಾನು ಬಿಡುವವಳಲ್ಲ. ಹಿಂದಿನ ಸೀಟಿನಲ್ಲಿ ಅವರನ್ನು ಕೂರಿಸಿಕೊಂಡು, ಮನೆ ಬರುವವರೆಗೂ ತಲೆ ತಿಂದೆ. ಕೊನೆಗೆ ಸೋತು, "ಆಯ್ತಮ್ಮ, ಮಾರ್ತೀನಿ. ಅರ್ಧಕ್ಕರ್ಧ ಮಾರಿದ್ರೆ ಉಳಿದದ್ದು ಹಾಲಿನ ಮೂಲೇಲಿ ಹಿಡಿಯುತ್ತೆ. ಇವತ್ತೇ ಜಾಹೀರಾತು ಹಾಕ್ತೀನಿ," ಎಂದರು. ಅಕ್ಕನ ಮುಖ ಅರಳಿತು. ನಾನೂ ಪಾಪದವಳು, ನಂಬಿದೆ.

ಜಾಹೀರಾತು ಹಾಕಿದರು, ಸುಳ್ಳು ಹೇಳುವುದಿಲ್ಲ. ಅದನ್ನು ಓದಿದರೆ ಹದಿನೆಂಟು ಫ್ಯಾನುಗಳ ಜೀವನಚರಿತ್ರೆ ಓದಿದ ಹಾಗಿತ್ತು. ಒಂದೊಂದರ ಊನವನ್ನೂ ಅದರ ಗುಣಕ್ಕಿಂತ ಉದ್ದವಾಗಿ ಬರೆದಿದ್ದರು. ಮೊದಲ ವಾರ ಒಬ್ಬರೋ ಇಬ್ಬರೋ ವಿಚಾರಿಸಿದರು. ಕೂಡಲೇ ಭಾವ ಅವರನ್ನೇ ವಿಚಾರಣೆಗೆ ನಿಲ್ಲಿಸಿದರು. ಎಲ್ಲಿ ಇಡುತ್ತೀರಿ, ಮನೆಯಲ್ಲಿ ತೇವ ಇದೆಯೇ, ಬಣ್ಣ ಬಳಿಯುವ ಚಾಳಿ ಇದೆಯೇ, ಓಡಿಸುವ ಉದ್ದೇಶವೇನಾದರೂ ಉಂಟೇ. ಕೇಳಿದವರು ಮೆಲ್ಲಗೆ ಜಾಗ ಖಾಲಿ ಮಾಡಿದರು. ಜಾಹೀರಾತು ಕೆಳಕೆಳಗೆ ಇಳಿಯುತ್ತ ಹೋಯಿತು.

"ಮೇಲಕ್ಕೆತ್ತಿ ಭಾವ, ಯಾರಿಗೂ ಕಾಣಿಸ್ತಾನೇ ಇಲ್ಲ," ಎಂದೆ.

"ವಾರ ಆಗ್ಲಿ."

ವಾರವಾಯಿತು. "ಈಗ?"

"ಈಗ ತಾನೇ ಹೊಸಬರೊಬ್ಬರು ಹಾಕಿದ್ದಾರೆ. ಅವರದ್ದು ನಾಲ್ಕು ಜನ ನೋಡ್ಲಿ. ನಾಳೆ ಎತ್ತೋಣ."

ನಾಳೆಗೆ ಇನ್ನೊಬ್ಬ ಹೊಸಬ ಹುಟ್ಟಿಕೊಂಡ. ನಾಡಿದ್ದಿಗೆ ಮತ್ತೊಬ್ಬ. ಭಾವ ಎಲ್ಲರಿಗೂ ಜಾಗ ಬಿಟ್ಟರು. ಕೊನೆಗೆ ಎತ್ತುವ ಗಳಿಗೆ ಕೂಡಿ ಬಂದಾಗ ಹೊಸ ಫೋಟೊ ಬೇಕಲ್ಲ, ಬೆಳಕು ಸರಿಯಿಲ್ಲ ಎಂದು ಇನ್ನೆರಡು ದಿನ. ಅವರು ಕೆಲಸ ತಪ್ಪಿಸಿಕೊಳ್ಳುತ್ತಿದ್ದರೆ ಬೈಯಬಹುದಿತ್ತು. ತೊಂದರೆ ಏನೆಂದರೆ ಅವರು ಪ್ರತಿಯೊಂದನ್ನೂ ಚಾಚೂ ತಪ್ಪದೆ ಮಾಡುತ್ತಿದ್ದರು. ಅವರೇ ಬರೆದ ಸಭ್ಯತೆ ಅವರಿಗೆ ಭದ್ರವಾದ ಕೋಟೆಯಾಗಿತ್ತು, ಒಳಗೆ ಫ್ಯಾನುಗಳು ಸುಖವಾಗಿದ್ದವು. ಅಕ್ಕ ಕೇಳಿದಾಗಲೆಲ್ಲ "ಹಾಕಿದ್ದೀನಲ್ಲ!" ಎಂದು ಫೋನು ತೋರಿಸುತ್ತಿದ್ದರು. ಅವಳು ಹಣೆಯ ಮೇಲಿನ ಕನ್ನಡಕ ಮೂಗಿಗಿಳಿಸಿ ನೋಡಿ, ಹೂಂ ಎನ್ನುತ್ತಿದ್ದಳು.

"ಮಾರೋದು ಆಮೇಲೆ ಮಾರಿ, ಈಗ ಮೇಲಕ್ಕೆ ಸಾಗಿಸಿ, ನಿಮ್ಮ ಮಲಗೋ ರೂಮಲ್ಲಿ ಇಡಿ," ಎಂದೆ ಒಂದು ದಿನ.

"ಅಷ್ಟು ಭಾರ ಹೊತ್ತು ಆ ಮೆಟ್ಟಿಲು ಹತ್ತೋದು ಅಂದ್ರೆ ತಮಾಷೆನಾ?"

"ನಮ್ಮ ಸ್ಕೂಲಿನ ಶೆಡ್ಡಿದೆ."

"ತೇವ. ತುಕ್ಕು ಹಿಡಿಯುತ್ತೆ."

"ಭಾವ, ತುಕ್ಕು ಹಿಡಿದಿರೋದು ಅಕ್ಕನ ಮಂಡಿಗೆ!"

"ನೋಡೋಣ," ಎಂದರು.

ನನ್ನ ತಲೆ ಕೆಟ್ಟು ಹೋಯಿತು. ಮನೆಗೆ ಹೋದವಳೇ 'ಬಿರುಗಾಳಿ' ಎಂಬ ಹೆಸರಿನಲ್ಲಿ ಆ ವೇದಿಕೆಗೆ ಸೇರಿಕೊಂಡೆ. ಭಾವನ ಜಾಹೀರಾತನ್ನು ಆಳದಿಂದ ಹುಡುಕಿ ತೆಗೆದು ಅದರಡಿ ಬರೆದೆ: "ಮೇಲಕ್ಕೆ! ಎಂಥ ಚೆಂದದ ಫ್ಯಾನುಗಳು! ಕೊಳ್ಳದವನೇ ದಡ್ಡ! ಮೇಲಕ್ಕೆ!" ಬೆಳಿಗ್ಗೆ ಒಂದು, ಪಾಠದ ನಡುವೆ ಒಂದು, ಸಿಗ್ನಲ್ಲಿನಲ್ಲಿ ನಿಂತಾಗ ಒಂದು. ಕಲಿಯಲು ಬಂದಿದ್ದ ಹೆಂಗಸು, "ಮೇಡಂ, ಹಸಿರು ಬಿತ್ತು," ಎಂದು ನನಗೇ ಹೇಳಬೇಕಾಯಿತು. ಫಲವೂ ಕಂಡಿತು. ಇಬ್ಬರು ಬೆಲೆ ಕೇಳಿದರು, ಒಬ್ಬ ವ್ಯಾನು ತರುತ್ತೇನೆ ಎಂದ. ನನಗೆ ಕುಣಿಯುವಷ್ಟು ಖುಷಿ.

ಮಾರನೆಯ ದಿನ ಮಧ್ಯಾಹ್ನ ಅಕ್ಕನ ಮನೆಗೆ ಹೋದರೆ ಭಾವ ಊಟದ ಮೇಜಿನ ಮುಂದೆ ಪದಕ ಗೆದ್ದವರ ಹಾಗೆ ಕೂತಿದ್ದರು.

"ಯಾರೋ ಬಿರುಗಾಳಿ ಅಂತ, ನನ್ನ ಜಾಹೀರಾತನ್ನ ಒಂದೇ ದಿನ ಮೂರು ಸಲ ಎತ್ತಿದ್ದಾನೆ," ಎಂದರು.

"ಒಳ್ಳೇದಾಯ್ತಲ್ಲ ಭಾವ. ಯಾರೋ ದೇವರಂಥ ಮನುಷ್ಯ."

"ದೇವರಂಥವನಾ? ಜನ ಏನಂದ್ಕೋತಾರೆ? ಯಜಮಾನ ತಾನೇ ಬೇರೆ ಹೆಸರಲ್ಲಿ ಬಂದು ಎತ್ತಿಕೊಂಡ ಅನ್ನಲ್ವಾ? ಬೀಗ ಹಾಕಿಬಿಟ್ಟೆ."

"ಬಿರುಗಾಳಿಗೆ ತಾನೆ?"

"ಅವನನ್ನು ಹೊರಗೆ ಹಾಕಿದೆ. ಬೀಗ ಹಾಕಿದ್ದು ನನ್ನ ಜಾಹೀರಾತಿಗೆ. ಒಂದು ತಿಂಗಳು."

ನನ್ನ ಕೈಯಲ್ಲಿದ್ದ ನೀರಿನ ಲೋಟ ಮೇಜಿನ ಮೇಲೆ ಟಣ್ ಎಂದು ಕೂತಿತು. ಭಾವ ಅದನ್ನು ಮೆಚ್ಚುಗೆ ಎಂದುಕೊಂಡರೋ ಏನೋ, ಫೋನು ತೆಗೆದು ತೋರಿಸಿದರು. "ನನ್ನ ಜಾಹೀರಾತಿನಲ್ಲಿ ಶಿಷ್ಟಾಚಾರ ಉಲ್ಲಂಘನೆಯಾಗಿರುವುದರಿಂದ ನನಗೆ ನಾನೇ ಶಿಕ್ಷೆ ವಿಧಿಸಿಕೊಂಡಿದ್ದೇನೆ," ಎಂದು ಎಲ್ಲರಿಗೂ ಕಾಣುವಂತೆ ಬರೆದಿದ್ದರು. ಕೆಳಗೆ ಸದಸ್ಯರ ಹೊಗಳಿಕೆಯೋ ಹೊಗಳಿಕೆ. ಇಂಥ ನ್ಯಾಯವಂತರು ಎಲ್ಲಿ ಸಿಗುತ್ತಾರೆ, ನಿಮ್ಮ ಮನೆಯವರು ಪುಣ್ಯವಂತರು ಎಂದು ಒಬ್ಬ ಬರೆದಿದ್ದ. ಮನೆಯವಳು ಅಡುಗೆಮನೆಯಲ್ಲಿ ಕಟ್ಟೆಗೆ ಒರಗಿ ಒಂದೇ ಕಾಲಿನ ಮೇಲೆ ಭಾರ ಹಾಕಿ ಪಾತ್ರೆ ತೊಳೆಯುತ್ತಿದ್ದಳು.

"ಭಾವ, ಆಪರೇಷನ್ನಿಗೆ ಇರೋದು ಇನ್ನು ಮೂರು ವಾರ! ಒಂದು ತಿಂಗಳು ಬೀಗ ಹಾಕ್ಕೊಂಡು ಕೂತ್ರೆ ಅಕ್ಕ ಎಲ್ಲಿ ಮಲಗ್ಬೇಕು, ಲಿಫ್ಟಲ್ಲಾ? ನಿಮ್ಮ ಬಿರುಗಾಳಿ ಬೇರೆ ಯಾರೂ ಅಲ್ಲ, ನಾನೇ! ಈಗ ಬೀಗ ತೆಗೀರಿ."

ಭಾವನ ಮುಖ ಬಿಳಿಚಿತು. "ನೀನಾ? ಹತ್ತಿರದ ಸಂಬಂಧಿ?"

"ಹೌದು, ನಾದಿನಿ!"

"ಅಯ್ಯೋ ರಾಮ. ಸಂಬಂಧಿಕರು ಮಾಡಿದ್ರೆ ಎರಡು ತಿಂಗಳಮ್ಮ," ಎಂದವರೇ, ನೋವಾದರೂ ಕರ್ತವ್ಯ ಎಂಬ ಮುಖ ಮಾಡಿಕೊಂಡು, ನನ್ನ ಕಣ್ಣೆದುರೇ ಫೋನಿನಲ್ಲಿ ಒಂದನ್ನು ಎರಡು ಮಾಡಿದರು.

ಆವತ್ತು ನಾನು ಏನೇನು ಅಂದೆ ಎಂದು ಬರೆಯುವುದಿಲ್ಲ. ಬೀದಿಯ ಆಚೆ ಬದಿಯವರೂ ಕಿಟಕಿ ತೆಗೆದರು ಎಂದರೆ ಸಾಕು. ಎಲ್ಲ ಫ್ಯಾನನ್ನೂ ಗುಜರಿಗೆ ಹಾಕಿಸುತ್ತೇನೆ ಎಂದು ರೂಮಿನ ಬಾಗಿಲಿಗೆ ಹೋದೆ. ಭಾವ ಅಡ್ಡ ನಿಂತರು. ಹಿಂದಿನಿಂದ ಅಕ್ಕ, "ಬೇಡ ಪುಟ್ಟಿ, ಬಿಡು," ಎಂದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಗೋಡೆ ಹಿಡಿದು ಬಂದಿದ್ದಳು. "ಅವರಿಗೆ ಅವು ಬೇಕು. ಗುಜರಿಗೆ ಹಾಕೋದೆಲ್ಲ ಬೇಡ." ಅವಳಿಗೋಸ್ಕರ ಗಂಟಲು ಹರಿದುಕೊಂಡರೆ ಅವಳು ಆ ಕಡೆ ಸೇರಿಕೊಂಡಳಲ್ಲ ಎಂದು ನನಗೆ ಅಳುವೇ ಬಂತು. ಮೂರು ದಿನ ಆ ಕಡೆ ತಲೆ ಹಾಕಲಿಲ್ಲ.

ನಾಲ್ಕನೆಯ ದಿನ ಅಕ್ಕನೇ ಫೋನು ಮಾಡಿ ಊಟಕ್ಕೆ ಕರೆದಳು. ಭಾವನಿಗೆ ನನ್ನ ಮುಖ ನೋಡುವ ಧೈರ್ಯವಿರಲಿಲ್ಲ. ಅಕ್ಕ ಏನೂ ಆಗದವಳ ಹಾಗೆ ಬಡಿಸುತ್ತಿದ್ದಳು. ಬಡಿಸುತ್ತಲೇ ಕೇಳಿದಳು, "ರೀ, ನಿಮ್ಮ ಅದರಲ್ಲಿ ಮಾರೋರು ಮಾತ್ರಾನಾ, ಬೇಕು ಅನ್ನೋರೂ ಹಾಕ್ಬಹುದಾ?"

"ಹಾಕ್ಬಹುದು, ಹಾಕ್ಬಹುದು! 'ಬೇಕಾಗಿದೆ' ಅಂತ ಬೇರೇನೇ ಇದೆ."

"ಅದಕ್ಕೇನು ನಿಯಮ?"

ಭಾವ ತುತ್ತು ಕೆಳಗಿಟ್ಟರು. ಮೊದಲು ತಲೆಬರಹ ಹೇಗಿರಬೇಕು, ಅಳತೆ ಯಾಕೆ ಹಾಕಬೇಕು, ಯಾವಾಗ ಬೇಕು, ಯಾತಕ್ಕೆ ಬೇಕು, ಬದಲಿಗೆ ಏನು ಕೊಡಬಲ್ಲಿರಿ, ಎಲ್ಲ ಹೇಳಿದರು. ಅಕ್ಕ ಮಧ್ಯೆ ಮಧ್ಯೆ ಒಂದೊಂದು ಪ್ರಶ್ನೆ ಕೇಳಿದಳು. ಒಮ್ಮೆ ಕೇಳಿದ್ದನ್ನೇ ಮತ್ತೆ ಕೇಳಬಹುದೇ ಎಂದೂ ಕೇಳಿದಳು. ಕೇಳಬಹುದು, ಆದರೆ ಮತ್ತೆ ಕೇಳುತ್ತಿದ್ದೇನೆ ಎಂದು ಒಪ್ಪಿಕೊಂಡು ಕೇಳಬೇಕು, ಅದೇ ಸೌಜನ್ಯ ಎಂದರು ಭಾವ. ಅವರು ಹೆಂಡತಿಯ ಜೊತೆ ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಅಕ್ಕನಿಗೂ ತಲೆ ಕೆಟ್ಟಿತೇ, ಇನ್ನೊಂದು ಫ್ಯಾನು ಉಡುಗೊರೆ ಕೊಡಲು ಹೊರಟಳೇ ಎಂದು ನಾನು ಹಲ್ಲು ಕಡಿದುಕೊಂಡು ಕೂತಿದ್ದೆ. ಭಾವ ಕೆಲಸಕ್ಕೆ ಹೋದ ಮೇಲೆ ಅಕ್ಕ ತನ್ನ ಫೋನನ್ನು ನನ್ನ ಕೈಗಿಟ್ಟು, "ಅದಕ್ಕೆ ಸೇರೋದು ಹೇಗೆ, ಮಾಡಿಕೊಡು," ಎಂದಳು. ಹೆಸರು ಏನು ಹಾಕಲಿ ಎಂದರೆ 'ಆಪರೇಟರ್' ಎಂದಳು. ಉಳಿದದ್ದನ್ನು ನಾನೇ ಬರೆದುಕೊಳ್ಳುತ್ತೇನೆ ಎಂದು ಫೋನು ಕಿತ್ತುಕೊಂಡಳು.

ಭಾನುವಾರ ಬೆಳಿಗ್ಗೆ ನಾವು ಮೂವರೂ ತಿಂಡಿಗೆ ಕೂತಿದ್ದೆವು. ಭಾವನ ಫೋನು ಟಿಣ್ ಎಂದಿತು. ಹೊಸ ಸದಸ್ಯರ ಮೊದಲ ಜಾಹೀರಾತು ಅವರ ಒಪ್ಪಿಗೆ ಪಡೆದೇ ಎಲ್ಲರಿಗೂ ಕಾಣುವುದು. ಅವರು ಕನ್ನಡಕ ಹಾಕಿಕೊಂಡರು.

"ಆಹಾ! ನೋಡಮ್ಮ ಹಾರ್ನ್, ಕಲಿತುಕೋ. ತಲೆಬರಹ ಓದ್ತೀನಿ ಕೇಳು. 'ಬೇಕಾಗಿದೆ, ಹಳೆಯದಾದರೂ ಸರಿ, ಅಳತೆ ಮತ್ತು ಕಾರಣ ಒಳಗಿದೆ.' ಯಾರೋ ಆಪರೇಟರ್ ಅಂತೆ. ಮಿಲ್ಲಲ್ಲಿ ಮೆಷೀನು ನೋಡ್ಕೊಳ್ಳೋರು ಇರಬೇಕು. ಎಂಥ ಶಿಸ್ತು!" ಎಂದು ಖುಷಿಯಲ್ಲಿ ಒಪ್ಪಿಗೆ ಒತ್ತಿಯೇ ಬಿಟ್ಟರು. ಆಮೇಲೆ ನನಗೆ ಪಾಠವಾಗಲೆಂದು ಒಳಗಿನದನ್ನು ಗಟ್ಟಿಯಾಗಿ ಓದಲು ಶುರು ಮಾಡಿದರು.

"ಸದಸ್ಯರಿಗೆ ನಮಸ್ಕಾರ. ನನಗೆ ನೆಲಮಹಡಿಯಲ್ಲಿ ಒಂದು ರೂಮು ಬೇಕಾಗಿದೆ. ಹತ್ತಡಿಗೆ ಒಂಬತ್ತಡಿ ಇದ್ದರೆ ಸಾಕು. ಒಂದು ಕಿಟಕಿ, ಪಕ್ಕದಲ್ಲಿ ಬಚ್ಚಲು ಇರಬೇಕು. ಕಾರಣ, ಮಂಡಿಯ ಆಪರೇಷನ್." ಭಾವನ ದನಿ ನಿಧಾನವಾಯಿತು. ಆದರೆ ಓದುವುದನ್ನು ನಿಲ್ಲಿಸಲು ಅವರಿಗೆ ತೋಚಲಿಲ್ಲ. "ಮೂರು ತಿಂಗಳು ಸಾಕು, ಆಮೇಲೆ ಇದ್ದ ಹಾಗೇ ಹಿಂದಿರುಗಿಸುತ್ತೇನೆ. ಧೂಳಿದ್ದರೆ ನಾನೇ ಒರೆಸಿಕೊಳ್ಳುತ್ತೇನೆ. ಬದಲಿಗೆ ಕೊಡಲು ನನ್ನ ಹತ್ತಿರ ಏನೂ ಇಲ್ಲ. ಇದನ್ನು ಈ ಮೊದಲು ಮನೆಯಲ್ಲಿ ಬಾಯಿಮಾತಿನಲ್ಲಿ ಹಲವು ಸಲ ಕೇಳಿದ್ದೇನೆ. ಒಂದೇ ಜಾಹೀರಾತನ್ನು ಮತ್ತೆ ಮತ್ತೆ ಹಾಕುತ್ತಿರುವುದಕ್ಕೆ ದಯವಿಟ್ಟು ಕ್ಷಮಿಸಿ."

ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳಿಸುತ್ತಿತ್ತು.

"ಇದು... ಇದು ಫ್ಯಾನಿನ ವೇದಿಕೆ ಕಣೆ," ಎಂದರು ಭಾವ. "ರೂಮು ಕೇಳೋ ಜಾಗ ಅಲ್ಲ."

ನಾನು ಬಾಯಿ ತೆರೆದೆ. ಅಕ್ಕ ಮೇಜಿನ ಕೆಳಗೆ ನನ್ನ ತೊಡೆ ಒತ್ತಿ ಸುಮ್ಮನಿರಿಸಿದಳು.

"ಗೊತ್ತು ರೀ. ಕೇಳೋ ಜಾಗದಲ್ಲಿ ಕೇಳಿ ಆಯ್ತಲ್ಲ. ಮನೇಲಿ ಕೇಳಿದ್ರೆ ನೋಡೋಣ ಅಂತೀರಿ. ಅಲ್ಲಿ ಯಾರು ಕೇಳಿದ್ರೂ ಎರಡು ದಿನದಲ್ಲಿ ಉತ್ತರ ಕೊಡ್ತೀರಿ, ನೀವು ತಾವು ಅಂತ ಕರೀತೀರಿ. ಅದಕ್ಕೇ ನಾನೂ ಅಲ್ಲೇ ಬಂದು ಕೇಳಿದೆ. ನಿಯಮ ಎಲ್ಲ ನಿಮ್ಮನ್ನೇ ಕೇಳ್ಕೊಂಡು ಬರೆದಿದ್ದು. ಏನಾದ್ರೂ ತಪ್ಪಿದ್ರೆ ಹೇಳಿ, ತಿದ್ದಿ ಹಾಕ್ತೀನಿ."

ಇದನ್ನು ಅವಳು ಚುಚ್ಚಿ ಹೇಳಲಿಲ್ಲ. ನಾನಾಗಿದ್ದರೆ ಚುಚ್ಚುತ್ತಿದ್ದೆ. ಅವಳು ನಿಜವಾಗಿಯೂ ತಪ್ಪಿದೆಯೇ ಎಂದು ಕೇಳುತ್ತಿದ್ದಳು.

ಫೋನು ಮತ್ತೆ ಟಿಣ್ ಎಂದಿತು. ಭಾವ ಅಭ್ಯಾಸಬಲದಿಂದ ನೋಡಿದರು, ನಾನೂ ಬಗ್ಗಿ ನೋಡಿದೆ. ಜಾಹೀರಾತಿಗೆ ಮೊದಲ ಉತ್ತರ. "ನಮಸ್ಕಾರ, ನಮ್ಮ ಮನೆಯಲ್ಲಿ ಕೆಳಗೆ ರೂಮಿದೆ. ನಾವು ಹಾಲಿನಲ್ಲಿ ಮಲಗುತ್ತೇವೆ. ಯೋಚನೆ ಮಾಡದೆ ಬನ್ನಿ." ಅದು ಮುಗಿಯುವಷ್ಟರಲ್ಲಿ ಇನ್ನೊಂದು. ಡಿಸ್ಚಾರ್ಜ್ ಆದ ದಿನ ಕರೆತರಲು ನನ್ನ ಕಾರು ಕಳಿಸುತ್ತೇನೆ ಎಂದು ಯಾರೋ ಬರೆದಿದ್ದರು. ಮೂರನೆಯದು ಬಿಸಿಗಾಳಿಯದು, ಅದೇ ದಿನಕ್ಕೆ ಮೂರು ಸಲ ಮೇಲಕ್ಕೆ ಎನ್ನುವ ಮರ್ಯಾದೆಗೆಟ್ಟವನದು. "ನನ್ನಲ್ಲಿ ಅಂಥ ರೂಮು ಒಂದಿದೆ, ಅದರ ತುಂಬ ಫ್ಯಾನುಗಳಿವೆ. ಸಂಜೆಯೊಳಗೆ ತೆಗೆದುಬಿಡುತ್ತೇನೆ. ನೀವು ಯಾವ ಊರಿನವರು?"

ಭಾವ ಅದನ್ನು ಎಷ್ಟೋ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು ತಟ್ಟೆಯ ಪಕ್ಕ ಇಟ್ಟು, ಎದ್ದು, ಕೆಳಗಿನ ರೂಮಿಗೆ ಹೋದರು. ಬಾಗಿಲಿಗೆ ಹತ್ತಿರವಿದ್ದ ಫ್ಯಾನನ್ನು ಕಾಗದ ಸುತ್ತದೆ, ಬಟ್ಟೆ ಹೊದಿಸದೆ, ಹಾಗೇ ಬಾಚಿ ಎದೆಗೆ ಒತ್ತಿಕೊಂಡು ಹೊರಬಂದರು. ಅದನ್ನು ಹೊತ್ತು ಮಹಡಿ ಮೆಟ್ಟಿಲು ಹತ್ತಿದರು. ನಾನು ಕೈ ಕೊಡಲು ಹೋದರೆ ಬೇಡ ಎಂದು ತಲೆಯಾಡಿಸಿದರು. ಇಳಿದು ಬಂದು ಇನ್ನೊಂದು. ಮತ್ತೊಂದು. ಅಂಗಿಯ ಬೆನ್ನು ಒದ್ದೆಯಾಯಿತು. ಅಕ್ಕ ಕುರ್ಚಿಯನ್ನು ಮೆಟ್ಟಿಲ ಬುಡಕ್ಕೆ ಎಳೆದುಕೊಂಡು ಕೂತು, "ನಿಧಾನ ರೀ, ನಿಧಾನ," ಎನ್ನುತ್ತಿದ್ದಳು. ಐದನೆಯದೋ ಆರನೆಯದೋ ಹೊತ್ತು ಹೋದವರು ಅರ್ಧಕ್ಕೆ ನಿಂತರು. ಫ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕುಸಿದು ಕೂತರು. ಉಸಿರು ಒಂದು ಹದಕ್ಕೆ ಬಂದ ಮೇಲೆ ಕೆಳಗಿದ್ದ ಅಕ್ಕನನ್ನು ನೋಡಿದರು.

"ಆ ಕಾಲಲ್ಲಿ ದಿನಾ ಇದನ್ನ ಹೇಗೆ ಹತ್ತುತ್ತಾ ಇದ್ದೆ ನೀನು?"

"ಕೂತ್ಕೊಂಡು," ಎಂದಳು ಅಕ್ಕ. "ಹಿಂದುಮುಂದಾಗಿ ಕೂತು, ಕೈ ಊರಿ, ಒಂದೊಂದೇ ಮೆಟ್ಟಿಲು. ನೀವು ಮಲಗಿದ ಮೇಲೆ ಬರ್ತಿದ್ದೆ."

ನನಗೂ ಅದು ಗೊತ್ತಿರಲಿಲ್ಲ. ಇಷ್ಟೆಲ್ಲ ಬಾಯಿ ಮಾಡಿದವಳು ನಾನು, ಅವಳು ಹೇಗೆ ಹತ್ತುತ್ತಾಳೆ ಎಂದು ಒಂದು ದಿನವೂ ನಿಂತು ನೋಡಿರಲಿಲ್ಲ. ಭಾವ ಎರಡೂ ಕೈಯಿಂದ ಮುಖ ಉಜ್ಜಿಕೊಂಡರು.

"ನನಗೆ ಒಂದು ಮಾತು ಹೇಳ್ಬಾರದಾಗಿತ್ತಾ?"

"ಹೇಳಿದ್ದೆ ರೀ," ಎಂದಳು ಅಕ್ಕ.

ಭಾವ ಆ ಫ್ಯಾನನ್ನು ಮೆಟ್ಟಿಲ ಮೇಲೇ ಬಿಟ್ಟು ಕೆಳಗಿಳಿದು ಬಂದರು. ನಮ್ಮ ಸ್ಕೂಲಿನ ಶೆಡ್ಡಿನ ಬೀಗದಕೈ ಎಲ್ಲಿದೆ ಎಂದು ನನ್ನನ್ನು ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಅಕ್ಕನ ಮಂಚ ಕೆಳಗಿನ ರೂಮಿನಲ್ಲಿತ್ತು.